ಸಂಕ ದಾಟುವಾಗ ಬೆನ್ನುಹುರಿ ಏನು ಮಾಡುತ್ತೆ?

ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವುದು ಅಂದರೆ "ಕರೆಂಟ್ ಕೊಡಲ್ವಾ ಮೇಡಂ?" ಅನ್ನುವ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಉತ್ತರ ಕೊಡುವುದು. ಕಾಲಿಗೆ ಪ್ಯಾಡ್ ಅಂಟಿಸಿ, ಮಿಷನ್ ಹಾಕಿ, ಜುಂ ಅನ್ನಿಸಿ ಕಳಿಸಿದರೆ ಚಿಕಿತ್ಸೆ ಆಯ್ತು ಅಂತ ಸಮಾಧಾನ. "ಸುಮ್ನೆ ನಡೆಸ್ತಾರೆ ಅಷ್ಟೆ" ಅಂತ ನನ್ನ ಮೇಲೆ ದೂರು ಹೇಳಿದವರೂ ಇದ್ದಾರೆ. ಹೌದು, ನಡೆಸುತ್ತೇನೆ. ಸುಮ್ಮನೆ ಅಲ್ಲ.

ಈಗ ಬರುತ್ತಿರುವವರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಕೊನೆಗಾರರು ಇದ್ದಾರೆ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಈಗ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು. ಆದರೂ ಮರ ಹತ್ತುವವರು ಇದ್ದೇ ಇದ್ದಾರೆ, ಬೀಳುವವರೂ. ಇವರ ಪುಣ್ಯ, ಹುರಿ ಪೂರ್ತಿ ಕಡಿದಿಲ್ಲ. ವಾಕರ್ ಹಿಡಿದು ನಡೆಯುತ್ತಾರೆ. ತೊಂದರೆ ಇರುವುದು ಬಲಗಾಲಿನದು. ಮೆಟ್ಟಿಲ ಮೇಲೆ ಮುಂಗಾಲು ಊರಿದ ಕೂಡಲೇ ಹಿಮ್ಮಡಿ ತಾನಾಗಿಯೇ ಟಕಟಕಟಕ ಮೇಲೆ ಕೆಳಗೆ ಕುಣಿಯುತ್ತೆ. ನಾವು ಇದನ್ನು ಕ್ಲೋನಸ್ ಅನ್ನುತ್ತೇವೆ. ನಡೆಯುವಾಗ ಪಾದ ಮುಂದೆ ತರಬೇಕು ಅನ್ನುವಷ್ಟರಲ್ಲಿ ಬೆರಳು ಕೆಳಕ್ಕೆ ಚಾಚಿಕೊಂಡು ನೆಲ ಕೆರೆಯುತ್ತೆ.

"ಕಾಲು ನಂದೇ ಮೇಡಂ, ಹೇಳಿದ ಮಾತು ಕೇಳಲ್ಲ" ಅನ್ನುತ್ತಾರೆ ಅವರು.

ಅವರ ಹೆಂಡತಿಯ ಲೆಕ್ಕ ಬೇರೆ. "ನರ ವೀಕ್ ಆಗಿದೆ, ಶಕ್ತಿಗೆ ಏನಾದ್ರೂ ಬರ್ಕೊಡಿ." ಮನೆಯಲ್ಲಿ ಮೊಟ್ಟೆ, ತುಪ್ಪ, ಯಾರೋ ಹೇಳಿದ ಟಾನಿಕ್ಕು ಎಲ್ಲ ನಡೆದಿದೆ. ನಾನು ಹೇಳಿದ್ದು ಇಷ್ಟು: ಅಮ್ಮಾ, ಸ್ವಲ್ಪ ಶಕ್ತಿ ಕಮ್ಮಿ ಆಗಿರುವುದು ನಿಜ. ಆದರೆ ಆ ಕಾಲು ಕುಣಿಯುತ್ತಿರುವುದು ಶಕ್ತಿ ಕಮ್ಮಿಯಾಗಿ ಅಲ್ಲ. ಸುಮ್ಮನಿರಬೇಕಾದ ಹೊತ್ತಲ್ಲಿ ಸುಮ್ಮನಿರಲು ಅದಕ್ಕೆ ಬರುತ್ತಿಲ್ಲ. ಅವರು ನನ್ನನ್ನು ಅನುಮಾನದಿಂದ ನೋಡಿದರು. ಅವತ್ತು ಅರ್ಧಕ್ಕೆ ನಿಂತ ಮಾತನ್ನೇ ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಎಂಪಿಟಿ, ಅಂದರೆ ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ, ಓದುವಾಗ ನಮಗೆ ನರಗಳ ಪ್ರಾಕ್ಟಿಕಲ್ ಇತ್ತು. ಯಾರಾದರೂ ಒಬ್ಬರು ಮಂಚದ ಮೇಲೆ ಬೋರಲಾಗಿ ಮಲಗಬೇಕು. ನಮ್ಮ ಬ್ಯಾಚಲ್ಲಿ ಜಾಸ್ತಿ ಸಲ ಮಲಗಿದವಳು ನಾನೇ. ಕಾಲು ತೆಳ್ಳಗಿತ್ತು, ನರ ಬೇಗ ಸಿಗುತ್ತಿತ್ತು. ಪಾದ ಮಂಚದ ಅಂಚಿನಿಂದ ಹೊರಗೆ ಇಳಿಬಿಟ್ಟು ಮಲಗಿದರೆ, ಮೀನಖಂಡದ ಕೆಳಭಾಗಕ್ಕೆ ಎರಡು ಬಿಲ್ಲೆ ಅಂಟಿಸುತ್ತಾರೆ. ಅಲ್ಲಿ ಒಳಗಡೆ ಇರುವುದು ಸೋಲಿಯಸ್ ಸ್ನಾಯು. ನಿಂತಾಗ ನಾವು ಮುಂದಕ್ಕೆ ಬೀಳದಂತೆ ಹಿಡಿಯುವ ಮುಖ್ಯ ಕೆಲಸ ಅದರದ್ದು. ಆಮೇಲೆ ಮಂಡಿಯ ಹಿಂದಿನ ಗುಳಿಯಲ್ಲಿ ಸ್ಟಿಮ್ಯುಲೇಟರ್ ಒತ್ತಿ, ಆ ಕಡೆ ಈ ಕಡೆ ಸರಿಸಿ ನರ ಹುಡುಕುತ್ತಾರೆ. ಸಿಕ್ಕ ಕೂಡಲೇ ಪಾದ ಚಿಕ್ಕದಾಗಿ ಜಿಗಿಯುತ್ತೆ.

ತಮಾಷೆ ಇರುವುದು ಇಲ್ಲಿ. ಕರೆಂಟ್ ತುಂಬಾ ಕಮ್ಮಿ ಇಟ್ಟಾಗ ಪರದೆಯ ಮೇಲೆ ಒಂದೇ ಅಲೆ ಬರುತ್ತೆ. ಅದೂ ತಡವಾಗಿ, ಸುಮಾರು 30 ಮಿಲಿಸೆಕೆಂಡಿಗೆ. ಸ್ವಲ್ಪ ಏರಿಸಿದರೆ ಅದಕ್ಕಿಂತ ಮೊದಲೇ ಇನ್ನೊಂದು ಅಲೆ ಹುಟ್ಟುತ್ತೆ. ಇನ್ನೂ ಏರಿಸಿದರೆ ಮೊದಲಿನದು ದೊಡ್ಡದಾಗುತ್ತಾ ಹೋಗುತ್ತೆ, ತಡವಾಗಿ ಬರುತ್ತಿದ್ದದ್ದು ಸಣ್ಣಗಾಗಿ ಕೊನೆಗೆ ಕಾಣೆಯಾಗುತ್ತೆ. ಕರೆಂಟ್ ಜಾಸ್ತಿ ಮಾಡಿದಷ್ಟೂ ಒಂದು ಅಲೆ ಕಮ್ಮಿಯಾಗುವುದನ್ನು ನೋಡಿ ಮೊದಲ ಸಲ ಎಲ್ಲರೂ ಮಿಷನ್ನೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಕೆಟ್ಟಿರುವುದಿಲ್ಲ. ನರದೊಳಗೆ ಎರಡು ಥರದ ತಂತುಗಳಿವೆ. ಸ್ನಾಯು ಎಷ್ಟು ಹಿಗ್ಗಿತು ಅಂತ ಬೆನ್ನುಹುರಿಗೆ ಸುದ್ದಿ ಒಯ್ಯುವವು ಒಂದು. ಬೆನ್ನುಹುರಿಯಿಂದ ಸ್ನಾಯುವಿಗೆ ಆಜ್ಞೆ ತರುವವು ಇನ್ನೊಂದು. ಸುದ್ದಿ ಒಯ್ಯುವವು ದಪ್ಪ. ಕಮ್ಮಿ ಕರೆಂಟಿಗೆ ಅವೇ ಮೊದಲು ಏಳುತ್ತವೆ. ಸುದ್ದಿ ಬೆನ್ನುಹುರಿಗೆ ಹೋಗಿ, ಅಲ್ಲಿಂದ ಆಜ್ಞೆಯಾಗಿ ತಿರುಗಿ ಬಂದು ಸ್ನಾಯುವನ್ನು ಎಳೆಯುತ್ತೆ. ಅದೇ ಆ ತಡವಾದ ಅಲೆ. ಮಿದುಳಿನ ಒಪ್ಪಿಗೆಗೆ ಅದು ಕಾಯುವುದಿಲ್ಲ. ಹೀಗೆ ತಾನಾಗಿಯೇ ಬರುವ ಉತ್ತರಕ್ಕೇ ರಿಫ್ಲೆಕ್ಸ್ ಅನ್ನುವುದು. ಕರೆಂಟ್ ಏರಿದಾಗ ಆಜ್ಞೆಯ ತಂತುಗಳೂ ನೇರವಾಗಿ ಏಳುತ್ತವೆ. ಅವುಗಳಲ್ಲಿ ಮೇಲಕ್ಕೆ ಓಡಿದ ಮಿಂಚು, ಕೆಳಗೆ ಬರುತ್ತಿರುವ ರಿಫ್ಲೆಕ್ಸಿಗೆ ದಾರಿಯಲ್ಲೇ ಡಿಕ್ಕಿ ಹೊಡೆದು ಎರಡೂ ಅಳಿಸಿಹೋಗುತ್ತವೆ. ಜರ್ಮನಿಯ ಪಾಲ್ ಹಾಫ್‌ಮನ್ ಇದನ್ನು 1910ರಲ್ಲಿ ತೋರಿಸಿದರು. ಅವರ ಹೆಸರಿನ ಮೊದಲ ಅಕ್ಷರ ಹಿಡಿದು ಇದು ಎಚ್-ರಿಫ್ಲೆಕ್ಸ್ ಆಯಿತು.

ಡಾಕ್ಟರು ಸುತ್ತಿಗೆಯಲ್ಲಿ ಮಂಡಿ ತಟ್ಟಿದಾಗ ಕಾಲು ಜಿಗಿಯುವುದೂ ಹೆಚ್ಚುಕಮ್ಮಿ ಇದೇ ದಾರಿ. ಶಾಲೆಯ ಪುಸ್ತಕದಲ್ಲಿ ಅದಕ್ಕೊಂದು ಚಿತ್ರ, ನಾಲ್ಕು ಬಾಣ, ಮುಗೀತು. ಆ ಚಿತ್ರ ನೋಡಿ ನಾವೆಲ್ಲ ಕಲಿತದ್ದು ಏನು? ತಟ್ಟಿದರೆ ಜಿಗಿಯುತ್ತೆ, ಯಾವಾಗ ತಟ್ಟಿದರೂ ಅಷ್ಟೇ ಜಿಗಿಯುತ್ತೆ. ಆದರೆ ಅದೇ ಮಂಚದ ಮೇಲೆ ಮಲಗಿ ಎರಡು ಕೈಯ ಬೆರಳು ಕೊಂಡಿ ಹಾಕಿ ಜೋರಾಗಿ ಎಳೆದುಕೊಂಡರೆ ಅಲೆ ದೊಡ್ಡದಾಗುತ್ತೆ. ಹಲ್ಲು ಕಚ್ಚಿದರೂ ಅಷ್ಟೆ. ಕಾಲಿಗೆ ಕೊಟ್ಟ ಕರೆಂಟು ಅದೇ, ಉತ್ತರ ಮಾತ್ರ ಬೇರೆ.

ಹಾಗಿದ್ದರೆ ನಡೆಯುವಾಗ? 1986ರಲ್ಲಿ ಕೆನಡಾದಲ್ಲಿ ಚಾರ್ಲ್ಸ್ ಕ್ಯಾಪಡೇ ಮತ್ತು ರಿಚರ್ಡ್ ಸ್ಟೈನ್ ಇದನ್ನೇ ಅಳೆದರು. ನಿಂತಿರುವಾಗ ರಿಫ್ಲೆಕ್ಸ್ ದೊಡ್ಡದು. ನಡೆಯಲು ಶುರು ಮಾಡಿದರೆ ಚಿಕ್ಕದಾಗುತ್ತೆ, ಸ್ನಾಯು ಅಷ್ಟೇ ಬಿಗಿಯಾಗಿ ಕೆಲಸ ಮಾಡುತ್ತಿದ್ದರೂ. ಅದೂ ಹೆಜ್ಜೆಯ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಪಾದ ನೆಲಕ್ಕೆ ತಾಗಿದ ಮೇಲೆ ನಿಧಾನಕ್ಕೆ ಏರುತ್ತಾ, ಹಿಂದಿನಿಂದ ನೆಲ ಒತ್ತಿ ದೇಹವನ್ನು ಮುಂದೆ ತಳ್ಳುವ ಹೊತ್ತಿಗೆ ಜೋರಾಗಿರುತ್ತೆ. ಪಾದ ಗಾಳಿಯಲ್ಲಿ ತೂಗಿ ಮುಂದೆ ಬರುವಾಗ ಬಹುತೇಕ ಸೊನ್ನೆ. ಓಡುವಾಗ ಇನ್ನೂ ಕಮ್ಮಿ ಅಂತ ಮರುವರ್ಷ ಇವರೇ ತೋರಿಸಿದರು.

ಸ್ವಲ್ಪ ಎದ್ದು ನಿಧಾನವಾಗಿ ಒಂದು ಹೆಜ್ಜೆ ಇಟ್ಟು ನೋಡಿ, ಯಾಕೆ ಹೀಗೆ ಅಂತ ಗೊತ್ತಾಗುತ್ತೆ. ಪಾದ ಊರಿ ದೇಹ ಅದರ ಮೇಲೆ ಹಾದು ಮುಂದೆ ಹೋಗುವಾಗ ಮೀನಖಂಡ ಹಿಗ್ಗುತ್ತೆ. ಹಿಗ್ಗಿದ ಸ್ನಾಯು ರಿಫ್ಲೆಕ್ಸಿನಿಂದ ಪೂರ್ತಿ ಜೋರಾಗಿ ಎಳೆದರೆ ನಿಮ್ಮನ್ನು ಹಿಂದಕ್ಕೆ ತಳ್ಳುತ್ತೆ. ಆಮೇಲೆ ಪಾದ ಎತ್ತಿ ಮುಂದೆ ತರುವಾಗ ಬೆರಳು ಮೇಲೆ ಬರಬೇಕು. ಆಗಲೂ ಮೀನಖಂಡ ಹಿಗ್ಗುತ್ತೆ. ಆಗ ರಿಫ್ಲೆಕ್ಸ್ ಎದ್ದರೆ ಪಾದ ಕೆಳಗೆ ಚಾಚಿ ನೆಲ ಕೆರೆಯುತ್ತೆ. ನಮ್ಮ ಕೊನೆಗಾರರಿಗೆ ಆಗುತ್ತಿರುವುದು ಇದೇ. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಸೆಡೆತುಕೊಂಡವರಲ್ಲಿ ಈ ಏರಿಳಿತವೇ ಸರಿಯಾಗಿ ಆಗುವುದಿಲ್ಲ. ನಿಂತಾಗ ಇರಬೇಕಾದದ್ದು ನಡೆಯುವಾಗಲೂ ಉಳಿದುಬಿಡುತ್ತೆ.

ತಗ್ಗಿಸುವುದು ಹೇಗೆ ಅನ್ನುವುದು ನನಗೆ ಇಡೀ ವಿಷಯದಲ್ಲಿ ಇಷ್ಟವಾದ ಭಾಗ. ತೋಟಕ್ಕೆ ನೀರು ಬಿಡುವುದನ್ನು ನೋಡಿದ್ದರೆ ಸುಲಭ. ಒಂದೇ ಪಾತಿಗೆ ಎರಡು ಮೂರು ಕಡೆಯಿಂದ ಕಾಲುವೆ ಬರುತ್ತೆ ಅಂತಿಟ್ಟುಕೊಳ್ಳಿ. ಒಂದು ಕಾಲುವೆಯ ಬಾಯಿಗೆ ಮಾತ್ರ ಒಂದು ಗುದ್ದಲಿ ಮಣ್ಣು ಹಾಕಿದರೆ ಅಲ್ಲಿಂದ ನೀರು ನಿಲ್ಲುತ್ತೆ, ಪಾತಿ ಮಿಕ್ಕ ಕಾಲುವೆಗಳಿಗೆ ತೆರೆದೇ ಇರುತ್ತೆ. ಬೆನ್ನುಹುರಿಯಲ್ಲೂ ಸುದ್ದಿಯ ತಂತು ಆಜ್ಞೆಯ ಕೋಶವನ್ನು ಮುಟ್ಟುವ ತುದಿಯಲ್ಲೇ ತಡೆ ಬೀಳುತ್ತೆ. ಕೋಶ ಮಂಕಾಗಿರುವುದಿಲ್ಲ. ಮಿದುಳು ಹೇಳಿದರೆ ತಕ್ಷಣ ಕೆಲಸ ಮಾಡುತ್ತೆ. ಆ ಒಂದು ಸುದ್ದಿಯನ್ನು ಮಾತ್ರ ಆ ಹೊತ್ತಿಗೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಮ್ಮೂರಿನ ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ ಇದೆ. ಅದರ ಮೇಲೆ ಅಡಿಕೆ ಮರದ ಸಂಕ. ಎರಡು ಮರ ಜೋಡಿಸಿದ್ದು, ಹಿಡಿಯಲು ಒಂದು ಕಡೆ ಬಿದಿರಿನ ಗಳ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತೆ. ಚಿಕ್ಕಮ್ಮ ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು, ಗಳ ಮುಟ್ಟದೆ, ಯಾರಿಗೋ ಬೈಯುತ್ತಾ ದಾಟುತ್ತಾರೆ. ನನ್ನ ಗಂಡ ದಾವಣಗೆರೆಯವರು. ಮದುವೆಯಾದ ಹೊಸದರಲ್ಲಿ ಗಳವನ್ನು ಎರಡೂ ಕೈಯಲ್ಲಿ ಹಿಡಿದು ಏಡಿ ಥರ ಅಡ್ಡಡ್ಡ ದಾಟಿದ್ದನ್ನು ಮನೆಯವರು ಇನ್ನೂ ಮರೆತಿಲ್ಲ. ಆಡಿಕೊಳ್ಳಲು ಒಬ್ಬ ಅಳಿಯ ಸಿಕ್ಕರೆ ಬಿಡುತ್ತಾರಾ?

ಹೀಗೆ ಇಕ್ಕಟ್ಟಾದ, ಅಲುಗುವ ಕಡೆ ನಡೆಯುವಾಗ ರಿಫ್ಲೆಕ್ಸ್ ಏನಾಗಬೇಕು? ಯಾರನ್ನು ಕೇಳಿದರೂ "ಇನ್ನೂ ಚುರುಕಾಗುತ್ತೆ" ಅನ್ನುತ್ತಾರೆ. ಎಚ್ಚರ ಜಾಸ್ತಿ ಅಂದ ಮೇಲೆ ರಿಫ್ಲೆಕ್ಸೂ ಜಾಸ್ತಿ ತಾನೇ. 1990ರಲ್ಲಿ ಲೆವೆಲಿನ್, ಯಾಂಗ್ ಮತ್ತು ಪ್ರೊಚಾಸ್ಕಾ ಅಳೆದು ನೋಡಿದರು. ಟ್ರೆಡ್‌ಮಿಲ್ ಮೇಲೆ ಆರಾಮಾಗಿ ನಡೆಯುವಾಗ ಇರುವುದಕ್ಕಿಂತ ಕಿರಿದಾದ ತೊಲೆಯ ಮೇಲೆ ನಡೆಯುವಾಗ ಎಚ್-ರಿಫ್ಲೆಕ್ಸ್ ಚಿಕ್ಕದು! ನನಗೆ ಇದು ಮೊದಲ ಸಲ ಓದಿದಾಗಲೇ ಸರಿ ಅನಿಸಿತ್ತು. ಸಂಕದ ಮೇಲೆ ಕಾಲಿನ ಹರಡು ಕ್ಷಣಕ್ಷಣಕ್ಕೂ ಅಲುಗುತ್ತಿರುತ್ತೆ. ಪ್ರತಿ ಅಲುಗಿಗೂ ಸ್ನಾಯು ಕೇಳದೆ ಕೇಳದೆ ಜಿಗಿಯುತ್ತಾ ಹೋದರೆ ಹಳ್ಳಕ್ಕೆ ಬೀಳುವುದು ಖಾತ್ರಿ. ಅಂಥ ಕಡೆ ಅಂದಾಜು ಮಾಡಿ ಹೆಜ್ಜೆ ಇಡುವ ಕೆಲಸವನ್ನು ಮಿದುಳು ತನ್ನ ಕೈಗೆ ತಗೊಳ್ಳುತ್ತೆ. ಕೆಳಗಿನವರಿಗೆ ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ ಅನ್ನುತ್ತೆ.

ಇದು ಆ ಹೊತ್ತಿನ ಹೊಂದಾಣಿಕೆ. ಸಂಕ ಇಳಿದರೆ ಮತ್ತೆ ಮೊದಲಿನಂತೆ. ವರ್ಷಗಟ್ಟಲೆ ಅದನ್ನೇ ಮಾಡಿದರೆ? ಡೆನ್ಮಾರ್ಕಿನ ನೀಲ್ಸನ್, ಕ್ರೋನೆ, ಹುಲ್ಟ್‌ಬೋರ್ನ್ 1993ರಲ್ಲಿ ರಾಯಲ್ ಡ್ಯಾನಿಶ್ ಬ್ಯಾಲೆಯ ನರ್ತಕರನ್ನು ಪರೀಕ್ಷಿಸಿದರು. ದಿನವಿಡೀ ಬೆರಳ ತುದಿಯಲ್ಲಿ ನಿಲ್ಲುವವರು, ಕಾಲಿನ ಬಲಕ್ಕೇನೂ ಬರ ಇಲ್ಲ. ಆದರೆ ಅವರ ರಿಫ್ಲೆಕ್ಸ್ ಚೆನ್ನಾಗಿ ತರಬೇತಾದ ಕ್ರೀಡಾಪಟುಗಳದ್ದಕ್ಕಿಂತ ಚಿಕ್ಕದಿತ್ತು. ಸುಮ್ಮನೆ ಕೂತಿದ್ದಾಗಲೂ. ರಿಫ್ಲೆಕ್ಸ್ ದೊಡ್ಡದಿದ್ದರೆ ನರ ಗಟ್ಟಿ, ಚಿಕ್ಕದಿದ್ದರೆ ವೀಕು ಅನ್ನುವ ಲೆಕ್ಕ ಇಲ್ಲೇ ಬಿದ್ದುಹೋಗುತ್ತೆ.

ನನ್ನ ಕೆಲಸಕ್ಕೆ ಜಾಸ್ತಿ ಹತ್ತಿರದ್ದು ಹಿಂದಕ್ಕೆ ನಡೆಯುವ ಪ್ರಯೋಗ. ಇದೂ ಕ್ಯಾಪಡೇಯವರದ್ದೇ, ಶ್ನೈಡರ್ ಜೊತೆ, 2003ರಲ್ಲಿ. ಅಭ್ಯಾಸ ಇಲ್ಲದವರನ್ನು ಟ್ರೆಡ್‌ಮಿಲ್ ಮೇಲೆ ಹಿಂದಕ್ಕೆ ನಡೆಸಿದಾಗ, ಪಾದ ಇನ್ನೂ ಗಾಳಿಯಲ್ಲಿ ತೂಗುತ್ತಿರುವಾಗಲೇ ರಿಫ್ಲೆಕ್ಸ್ ದೊಡ್ಡದಾಗಿತ್ತು. ನೆಲ ಯಾವಾಗ ಸಿಗುತ್ತೋ ಗೊತ್ತಿಲ್ಲ, ಹಾಗಾಗಿ ಮೊದಲೇ ತಯಾರಾಗಿ ನಿಂತಂತೆ. ದಿನಾ ಅಭ್ಯಾಸ ಮಾಡಿಸಿದ ಹಾಗೆ ಅದು ದಿನದಿಂದ ದಿನಕ್ಕೆ ತಗ್ಗುತ್ತಾ ಬಂತು. ಇದು ಸಂಕದ ಲೆಕ್ಕಕ್ಕೆ ಉಲ್ಟಾ ಅನಿಸುತ್ತೆ ಅಲ್ವಾ? ಅಲ್ಲಿ ಕಷ್ಟಕ್ಕೆ ರಿಫ್ಲೆಕ್ಸ್ ತಗ್ಗಿತು, ಇಲ್ಲಿ ಏರಿತು. ಸಂಕದ ಮೇಲೆ ಕಣ್ಣು ಮುಂದಿದೆ, ಎಲ್ಲಿ ಊರಬೇಕು ಅಂತ ಗೊತ್ತು. ಹಿಂದಕ್ಕೆ ನಡೆಯುವಾಗ ಕಣ್ಣಿನ ಸಹಾಯವೇ ಇಲ್ಲ. ಕಷ್ಟಗಳಲ್ಲೂ ಜಾತಿ ಬೇರೆ ಬೇರೆ, ಬೆನ್ನುಹುರಿ ಒಂದೊಂದಕ್ಕೆ ಒಂದೊಂದು ಲೆಕ್ಕ ಇಡುತ್ತೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಇನ್ನು ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಜೊನಾಥನ್ ವೋಲ್ಪಾ. ಅವರು ಕೇಳಿದ್ದು ಸ್ವಲ್ಪ ಹುಚ್ಚು ಪ್ರಶ್ನೆ. ರಿಫ್ಲೆಕ್ಸನ್ನೇ ನೇರವಾಗಿ ಪಳಗಿಸಬಹುದಾ? 1980ರ ದಶಕದಲ್ಲಿ ಕೋತಿಗಳಲ್ಲಿ ಶುರು ಮಾಡಿದರು. ರಿಫ್ಲೆಕ್ಸ್ ಬೇಕಾದ ಅಳತೆಯಲ್ಲಿ ಬಂದರೆ ಬಹುಮಾನ, ಇಲ್ಲದಿದ್ದರೆ ಇಲ್ಲ. ವಾರಗಟ್ಟಲೆ ಹಿಡಿಯಿತು, ಆದರೆ ಆಯಿತು. ಆಮೇಲೆ ಐಕೋ ಥಾಂಪ್ಸನ್ ಜೊತೆ ಸೇರಿ ಮನುಷ್ಯರಲ್ಲಿ. ಪರದೆಯ ಮೇಲೆ ರಿಫ್ಲೆಕ್ಸಿನ ಅಳತೆ ತೋರಿಸುವ ಒಂದು ಪಟ್ಟಿ. ನಿಂತವರು ಪ್ರತಿ ಸಲ ಕರೆಂಟ್ ಬಿದ್ದಾಗ ಆ ಪಟ್ಟಿ ಗೆರೆಯ ಕೆಳಗೆ ಉಳಿಯುವಂತೆ ನೋಡಿಕೊಳ್ಳಬೇಕು. ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ, ಹೇಳಿಕೊಡಲು ಆಗುವುದೂ ಇಲ್ಲ.

2009ರಲ್ಲಿ ಅವರು ಕಂಡದ್ದನ್ನು ನಾನು ಪ್ರತಿ ಪೇಷಂಟಿಗೂ ಬೇರೆ ಮಾತಲ್ಲಿ ಹೇಳುತ್ತೇನೆ. ಬದಲಾವಣೆ ಎರಡು ಹಂತದಲ್ಲಿ ಬರುತ್ತೆ. ನಾಲ್ಕಾರು ಸೆಷನ್ನಿನಲ್ಲೇ ಜನ ಪ್ರಯತ್ನಪಟ್ಟಾಗ ರಿಫ್ಲೆಕ್ಸ್ ತಗ್ಗುತ್ತೆ, ಪ್ರಯತ್ನ ಬಿಟ್ಟರೆ ವಾಪಸ್. ಸುಮಾರು ಹತ್ತು ಸೆಷನ್ ಆದ ಮೇಲೆ ನಿಧಾನಕ್ಕೆ ಇನ್ನೊಂದು ಶುರುವಾಗುತ್ತೆ. ಪ್ರಯತ್ನ ಪಡದಿದ್ದಾಗಲೂ ರಿಫ್ಲೆಕ್ಸ್ ಚಿಕ್ಕದಾಗಿಯೇ ಇರುತ್ತೆ. ಮೊದಲಿನದು ಮೇಲಿಂದ ಬರುವ ಹತೋಟಿ. ಎರಡನೆಯದರಲ್ಲಿ ಬೆನ್ನುಹುರಿಯೇ ಬದಲಾಗಿದೆ. ಇಲಿಗಳಲ್ಲಿ ನೋಡಿದ ಪ್ರಕಾರ ಮಿದುಳಿನ ಹೊರಪದರದಿಂದ ಕೆಳಗಿಳಿಯುವ ಮುಖ್ಯ ದಾರಿ ಮತ್ತು ಕಿರುಮೆದುಳು ಇಲ್ಲದೆ ಈ ಕಲಿಕೆ ಆಗುವುದಿಲ್ಲ. ಮೇಲಿನವರು ದಿನಾ ಬಂದು ಹೇಳಿ ಹೇಳಿ ಕೆಳಗಿನವರಿಗೆ ರೂಢಿ ಮಾಡಿಸಬೇಕು.

2013ರಲ್ಲಿ ಇದನ್ನೇ ಬೆನ್ನುಹುರಿಗೆ ಅರ್ಧಂಬರ್ಧ ಪೆಟ್ಟಾಗಿ ಕಾಲು ಸೆಡೆತುಕೊಂಡವರ ಮೇಲೆ ಮಾಡಿದರು. ರಿಫ್ಲೆಕ್ಸ್ ತಗ್ಗಿಸಲು ಕಲಿಸಿದ 9 ಜನರಲ್ಲಿ 6 ಜನರಿಗೆ ಸಾಧ್ಯವಾಯಿತು. ಅವರ ನಡಿಗೆಯ ವೇಗ ಸರಾಸರಿ 59 ಶೇಕಡ ಹೆಚ್ಚಿತು, ಕುಂಟುವುದು ಕಮ್ಮಿಯಾಯಿತು. ಪಳಗಿಸಿದ್ದು ಒಂದೇ ಸ್ನಾಯುವಿನ ಒಂದು ರಿಫ್ಲೆಕ್ಸನ್ನು, ಸರಿಯಾದದ್ದು ಇಡೀ ನಡಿಗೆ. ಸಣ್ಣ ಗುಂಪು, ಒಪ್ಪುತ್ತೇನೆ. ಆದರೂ ಯಾವ ಟಾನಿಕ್ಕೂ ಇಂಥದ್ದನ್ನು ಮಾಡಿದ್ದನ್ನು ನಾನು ಕಂಡಿಲ್ಲ.

ನನ್ನ ಕ್ಲಿನಿಕ್ಕಿನಲ್ಲಿ ಅಂಥ ಮಿಷನ್ ಇಲ್ಲ. ಇರುವುದು ಎರಡು ಕಂಬಿ, ಒಂದು ಕನ್ನಡಿ, ಇಳಿಜಾರಿನ ಒಂದು ಹಲಗೆ, ಹಳೇ ಟ್ರೆಡ್‌ಮಿಲ್. ಹಾಗಾಗಿ ಕೊನೆಗಾರರಿಗೆ ಮೊದಲು ಮಾಡಿಸಿದ್ದು ಹಲಗೆಯ ಮೇಲೆ ಹಿಮ್ಮಡಿ ಊರಿ ನಿಲ್ಲುವುದು. ಮೀನಖಂಡ ನಿಧಾನಕ್ಕೆ ಹಿಗ್ಗಬೇಕು, ಜರ್ಕ್ ಇರಬಾರದು. ಜರ್ಕ್ ಕೊಟ್ಟರೆ ಕುಣಿತ ಶುರು. ಹಿಮ್ಮಡಿ ಮೊದಲು, ಮುಂಗಾಲು ಆಮೇಲೆ. ಆಮೇಲೆ ಕಂಬಿ ಹಿಡಿದು ಹಿಂದಕ್ಕೆ ನಡಿಗೆ. ಮೊದಲಲ್ಲಿ ಪಾದ ದಬ್ ಅಂತ ಬೀಳುತ್ತಿತ್ತು, ಹೆಜ್ಜೆ ಹೆಜ್ಜೆಗೂ ಹಿಂತಿರುಗಿ ನೋಡುತ್ತಿದ್ದರು. ಈಗ ಕನ್ನಡಿಯಲ್ಲಿ ನನ್ನ ಮುಖ ನೋಡಿ ಮಾತಾಡುತ್ತಾ ಹಿಂದೆ ಹೋಗುತ್ತಾರೆ. ಅಡಿಕೆ ರೇಟು, ಮಗಳ ಪರೀಕ್ಷೆ, ಏನೋ ಒಂದು. ಮಾತಾಡುತ್ತಾ ನಡೆಯಲು ಬಂತು ಅಂದರೆ ಮೇಲಿನವರಿಗೆ ಕೆಲಸ ಕಮ್ಮಿಯಾಗಿದೆ ಅಂತ ನನ್ನ ಲೆಕ್ಕ. ಅಳತೆ ಮಿಷನ್ ಇಲ್ಲದವರಿಗೆ ಇಂಥ ಲೆಕ್ಕಗಳೇ ಗತಿ.

ಮೊದಲ ವಾರದ ಖುಷಿ ನನಗೆ ಭಯ. ಕ್ಲಿನಿಕ್ಕಿನಲ್ಲಿ ಚೆನ್ನಾಗಿ ನಡೆದವರು ಮನೆ ಹೊಸ್ತಿಲಲ್ಲಿ ಮುಗ್ಗರಿಸುತ್ತಾರೆ, "ಏನೂ ಉಪಯೋಗ ಇಲ್ಲ" ಅಂತ ಬಿಟ್ಟುಬಿಡುತ್ತಾರೆ. ಎಷ್ಟೋ ಜನ ಎರಡನೇ ಹಂತ ಶುರುವಾಗುವ ಮೊದಲೇ ನಿಲ್ಲಿಸುತ್ತಾರೆ. ಬಸ್ ಚಾರ್ಜು, ದಿನದ ಕೂಲಿ, ಜೊತೆಗೆ ಬರುವವರ ಕೂಲಿ, ಇದೆಲ್ಲ ಲೆಕ್ಕ ಹಾಕಿದರೆ ಅವರನ್ನು ಬೈಯಲೂ ಆಗಲ್ಲ. ಅದಕ್ಕೇ ಮನೆಯಲ್ಲೇ ಮಾಡುವಂಥದ್ದನ್ನು ಹೆಂಡತಿಗೇ ಕಲಿಸುತ್ತಿದ್ದೇನೆ. ಅಂಗಳದ ಮೆಟ್ಟಿಲಲ್ಲಿ ಹೇಗೆ ನಿಲ್ಲಿಸಬೇಕು, ಕುಣಿತ ಬಂದರೆ ಹಿಮ್ಮಡಿ ಮೇಲೆ ಭಾರ ಹಾಕಿ ಹೇಗೆ ನಿಲ್ಲಿಸಬೇಕು. ಕೈ ಎಲ್ಲಿ ಇಡಬೇಕು ಅಂತ ಒಂದೇ ಸಲ ತೋರಿಸಿದ್ದಕ್ಕೆ ಹಿಡಿದುಕೊಂಡುಬಿಟ್ಟರು.

ಟಾನಿಕ್ ನಿಲ್ಲಿಸಿದ್ದಾರಾ ಅಂತ ಕೇಳಿದೆ. ಅರ್ಧ ಬಾಟಲಿ ಉಳಿದಿದೆಯಂತೆ, ಮುಗಿದ ಮೇಲೆ ನೋಡೋಣ ಅಂದರು. ಸರಿ ಅಂದೆ. ಮುಂದಿನ ವಾರದಿಂದ ಇಳಿಜಾರಿನಲ್ಲಿ ನಡಿಗೆ ಶುರು, ಅವರ ಮನೆಯಿಂದ ಬಸ್ ಸ್ಟಾಪಿಗೆ ಇಳಿಯುವ ದಾರಿ ಪೂರ್ತಿ ಇಳಿಜಾರೇ.